ಸರ್ಟಿಫಿಕೇಟ್ ಇದ್ದರೂ ಬಿಳಿ ಚುಕ್ಕೆ ಯಾಕೆ ಬಂತು?

ಹೋದ ವರ್ಷ ಕುಂದಾಪುರ ಕಡೆಯ ಸೀಗಡಿ ಕೃಷಿಕರೊಬ್ಬರು ಬೆಳಗ್ಗೆ ಐದೂವರೆಗೇ ಫೋನ್ ಮಾಡಿದರು. "ಮಾರಾಯ್ರೆ, ಎಸ್‌ಪಿಎಫ್ ಮರಿ ಅಂತ ಜಾಸ್ತಿ ದುಡ್ಡು ಕೊಟ್ಟು ತಂದದ್ದು. ಈಗ ಬಿಳಿ ಚುಕ್ಕೆ!" ಸೀಗಡಿಯನ್ನು ಕೊಲ್ಲುವ ವೈರಸ್ ರೋಗ ಅದು. ಹೋಗಿ ನೋಡಿದೆ. ದಂಡೆ ತುಂಬ ಏಡಿ, ಅವೂ ಈ ವೈರಸ್ ಹೊತ್ತು ತರುತ್ತವೆ. ಪಕ್ಕದವರು ರೋಗ ಬಂದ ಕೆರೆಯ ನೀರನ್ನು ಹೊಳೆಗೆ ಬಿಟ್ಟಿದ್ದಾರೆ, ಇವರ ಪಂಪು ಅದೇ ಹೊಳೆಯಿಂದ ಎಳೆಯುತ್ತಿದೆ. ಮರಿ ಮಾಡಿ ಮಾರುವ ಹ್ಯಾಚರಿಯ ಸರ್ಟಿಫಿಕೇಟ್ ಮಾತ್ರ ಲ್ಯಾಮಿನೇಟ್ ಆಗಿ ಶೆಡ್ಡಿನಲ್ಲಿ ನೇತಾಡುತ್ತಿತ್ತು.

2009ರಲ್ಲಿ ನಮ್ಮ ದೇಶದಲ್ಲಿ ವನಾಮಿ ಎಂಬ ವಿದೇಶಿ ಜಾತಿಯ ಸೀಗಡಿ ಸಾಕಲು ಅನುಮತಿ ಸಿಕ್ಕಾಗಿನಿಂದ ಇದೇ ಕತೆ: ಎಸ್‌ಪಿಎಫ್ ಮರಿಗೆ ರೋಗವೇ ಬರುವುದಿಲ್ಲ ಅಂತ ನಂಬುತ್ತಾರೆ. ಎಸ್‌ಪಿಎಫ್ ಅಂದರೆ ಪಟ್ಟಿಯಲ್ಲಿ ಹೆಸರಿಸಿದ ಕೆಲವು ರೋಗಾಣುಗಳು ಇಲ್ಲ ಅಂತ, ಅಷ್ಟೇ. ಅದೂ ಮುಖ್ಯವಾಗಿ ತಾಯಿ ಸೀಗಡಿಯ ಬಗ್ಗೆ ಹೇಳುವ ಮಾತು. ಒಗೆದ ಅಂಗಿ ಮಳೆಯಲ್ಲಿ ನೆನೆಯದೇ ಇರುತ್ತದಾ? ಅದು ರೇನ್‌ಕೋಟ್ ಅಲ್ಲ. ಸೀಗಡಿಗೆ ನಮ್ಮ ಹಾಗೆ ಆಂಟಿಬಾಡಿಯೂ ಇಲ್ಲ. ವೈರಸ್ ಕೆರೆಗೆ ಬಂದರೆ ಶುದ್ಧ ಮರಿಯೂ ಸಾಯುತ್ತದೆ. ಇದನ್ನು ಎಷ್ಟು ಸಲ ಹೇಳಿದ್ದೇನೋ!

ರೋಗ ತಡೆಯುವ ಗುಣ ಬೇರೆ, ಅದು ವಂಶದಲ್ಲಿ ಬರಬೇಕು. ಅದಕ್ಕೆ ಒಂದೊಂದು ತಾಯಿಯ ಮರಿಗಳನ್ನೂ ಬೇರೆ ಬೇರೆ ಕುಟುಂಬವಾಗಿ ಸಾಕುತ್ತಾರೆ. ಪ್ರತಿ ಕುಟುಂಬದ ಒಂದಷ್ಟು ಮರಿಗಳಿಗೆ ಬೇಕೆಂದೇ ರೋಗ ತಗುಲಿಸುತ್ತಾರೆ. ಬದುಕಿ ಉಳಿದವನ್ನು ತಳಿಗೆ ಇಟ್ಟುಕೊಳ್ಳುವುದಿಲ್ಲ, ಅವು ವೈರಸ್ ಹೊತ್ತಿರಬಹುದು. ಹೆಚ್ಚು ಮರಿ ಬದುಕಿದ ಕುಟುಂಬ ಯಾವುದೋ, ಬೇರೆ ಕಡೆ ಶುದ್ಧವಾಗಿ ಇಟ್ಟಿದ್ದ ಅದರ ಅಣ್ಣತಮ್ಮ, ಅಕ್ಕತಂಗಿಯರಿಂದ ಮುಂದಿನ ಪೀಳಿಗೆ. ಹವಾಯಿಯಲ್ಲಿ 1990ರ ದಶಕದಲ್ಲಿ ಟೌರಾ ಎಂಬ ಇನ್ನೊಂದು ಸೀಗಡಿ ವೈರಸ್ ರೋಗಕ್ಕೆ ಹೀಗೆ ಮಾಡಿದಾಗ ಫಲ ಸಿಕ್ಕಿತು, ಆದರೆ ರೋಗ ತಡೆದ ತಳಿ ಬೆಳೆಯುವುದರಲ್ಲಿ ಸ್ವಲ್ಪ ಹಿಂದೆ ಬಿತ್ತು. ಬಿಳಿ ಚುಕ್ಕೆ ಇನ್ನೂ ಜಿಗುಟು. "ನಮ್ಮ ಮರಿಗೆ ಅದು ಬರುವುದೇ ಇಲ್ಲ" ಅನ್ನುವವರನ್ನು ನಾನಂತೂ ನಂಬುವುದಿಲ್ಲ.

ಇನ್ನು ಬೇಗ ಬೆಳೆಯುವ ತಳಿ. ಒಳ್ಳೆಯದೇ, ಆದರೆ ಅದರ ಹೊಟ್ಟೆಯೂ ದೊಡ್ಡದು. ನೀರಿಗೆ ಗಾಳಿ ತುಂಬುವ ಏರೇಟರ್ ಕಡಿಮೆ ಇದ್ದು ಮರಿ ದಟ್ಟ ಬಿಟ್ಟರೆ ದುಬಾರಿ ಮರಿಯೂ ಸೊರಗುತ್ತದೆ. ಕರೆಂಟ್ ಕೈಕೊಡುವ ಊರಿನವರು ತರುವ ಮೊದಲೇ ಹ್ಯಾಚರಿಯಲ್ಲಿ ಕೇಳಿ: ಇದು ಓಟದ ತಳಿಯೋ, ತಾಳಿಕೆಯ ತಳಿಯೋ? ಮರಿಯಲ್ಲಿ ವೈರಸ್ ಇದೆಯೋ ಅಂತ ನೋಡುವ ಪಿಸಿಆರ್ ಪರೀಕ್ಷೆಯನ್ನು ನೀವೇ ಇನ್ನೊಮ್ಮೆ ಮಾಡಿಸಿ.

ಅದೇ ಕೃಷಿಕರು ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಇನ್ನೂ ಮರಿ ತಂದಿಲ್ಲ. "ಏಡಿ ಬೇಲಿಗೆ ಬಲೆ ಎಷ್ಟು ಎತ್ತರ ಕಟ್ಟಬೇಕು?"