ಆರೋಗ್ಯದ ಕಾರಣ ಹೇಳಿ ಹೊರದೇಶದ ಆಹಾರವನ್ನು ತಡೆಯಬಹುದಾ?

ಪ್ರಶ್ನೆ: ‘ನಮ್ಮ ಜನರ ಆರೋಗ್ಯಕ್ಕೆ ಅಪಾಯ’ ಅಂತ ಹೇಳಿ ಒಂದು ದೇಶ ಇನ್ನೊಂದು ದೇಶದ ಆಹಾರವನ್ನು ಗಡಿಯಲ್ಲೇ ನಿಲ್ಲಿಸಬಹುದಾ? ವ್ಯಾಪಾರ ಒಪ್ಪಂದಗಳು ಅಡ್ಡ ಬರುವುದಿಲ್ಲವಾ?

ನಿಲ್ಲಿಸಬಹುದು. ಆದರೆ ಯಾಕೆ ಅಂತ ಯಾರಾದರೂ ಕೇಳಿದರೆ ತೋರಿಸಲು ಕೈಯಲ್ಲಿ ಪುರಾವೆ ಇರಬೇಕು, ಸುಮ್ನೆ ‘ಅಪಾಯ’ ಅಂದರೆ ನಡೆಯುವುದಿಲ್ಲ.

1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಶುರುವಾದಾಗಲೇ ಇದಕ್ಕೆಂದು ಎಸ್‌ಪಿಎಸ್ (ಸ್ಯಾನಿಟರಿ ಮತ್ತು ಫೈಟೋಸ್ಯಾನಿಟರಿ) ಅನ್ನುವ ಒಪ್ಪಂದವೂ ಜಾರಿಗೆ ಬಂತು. ಮನುಷ್ಯರು, ಪ್ರಾಣಿಗಳು, ಗಿಡಗಳು, ಮೂರರ ಆರೋಗ್ಯವೂ ಅದರಲ್ಲಿ ಸೇರುತ್ತದೆ. ಕೋಡೆಕ್ಸ್‌ನಂಥ (ಆಹಾರ ಸುರಕ್ಷತೆಯ) ಅಂತರರಾಷ್ಟ್ರೀಯ ಮಾನದಂಡವನ್ನೇ ಪಾಲಿಸಿದರೆ ತಕರಾರು ಕಡಿಮೆ. ಅದಕ್ಕಿಂತ ಬಿಗಿ ಮಾಡಬೇಕೆಂದರೆ ಅಪಾಯ ಏನು, ಯಾವ ದಾರಿಯಲ್ಲಿ ಬರುತ್ತದೆ ಎಂದು ಅಧ್ಯಯನ ಮಾಡಿರಬೇಕು. ಎಷ್ಟು ಸುರಕ್ಷತೆ ಬೇಕು ಅನ್ನೋದು ಮಾತ್ರ ಆಯಾ ದೇಶಕ್ಕೇ ಬಿಟ್ಟದ್ದು. ‘ನಮಗೆ ಒಂದಿಷ್ಟೂ ಅಪಾಯ ಬೇಡ’ ಅನ್ನುವ ಹಕ್ಕೂ ಇದೆ.

ಹಾಗಾದರೆ ದೇಶಗಳು ಸಿಕ್ಕಿಬೀಳುವುದು ಎಲ್ಲಿ? ಸಾಲ್ಮನ್ ಮೀನಿನ ಪ್ರಕರಣ ನೋಡಿ. ಹೊರಗಿನ ರೋಗ ತನ್ನ ಮೀನುಗಳಿಗೆ ತಗುಲೀತು ಅಂತ ಆಸ್ಟ್ರೇಲಿಯಾ 1975ರಿಂದ ಬೇಯಿಸದ ಸಾಲ್ಮನ್ ಅನ್ನು ಒಳಗೆ ಬಿಡುತ್ತಿರಲಿಲ್ಲ. ಭಯವೇನೂ ಹುಚ್ಚುತನದ್ದಲ್ಲ. ಆದರೆ ಗಾಳಕ್ಕೆ ಸಿಕ್ಕಿಸಿ ನೇರ ನೀರಿಗೇ ಹಾಕುವ ಹೆರಿಂಗ್ ಮೀನಿಗೆ, ಗಾಜಿನ ತೊಟ್ಟಿಯಲ್ಲಿ ಸಾಕುವ ಜೀವಂತ ಅಲಂಕಾರಿಕ ಮೀನಿಗೆ ಅದೇ ದೇಶ ಬಾಗಿಲು ತೆರೆದಿತ್ತು! ಅಡುಗೆಮನೆಗೆ ಹೋಗುವ ಸತ್ತ ಮೀನಿಗಿಂತ ಇವುಗಳಿಂದ ರೋಗ ಹರಡುವ ಸಾಧ್ಯತೆ ಕಡಿಮೆಯೇನಲ್ಲ, ಅಲ್ವಾ? ಕೆನಡಾ ಇದನ್ನೇ ಹಿಡಿದು ವಾದಿಸಿತು. ಸರಿಯಾದ ಅಪಾಯ ಅಧ್ಯಯನವೂ ಇಲ್ಲ, ಒಂದೇ ಥರದ ಅಪಾಯಕ್ಕೆ ಎರಡು ನೀತಿ ಬೇರೆ, ಇದು ಆರೋಗ್ಯದ ವೇಷ ತೊಟ್ಟ ವ್ಯಾಪಾರ ನಿರ್ಬಂಧ ಎಂದು 1998ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿ ಹೇಳಿತು. ನನ್ನ ಪ್ರಕಾರ ಈ ಕಾನೂನಿನ ತಿರುಳೆಲ್ಲ ಆ ಅಲಂಕಾರಿಕ ಮೀನಿನಲ್ಲೇ ಇದೆ.

ಪುರಾವೆ ಇನ್ನೂ ಸಾಲದಿದ್ದರೆ? ತಾತ್ಕಾಲಿಕವಾಗಿ ತಡೆಯಬಹುದು, ಆದರೆ ಮಾಹಿತಿ ಹುಡುಕುತ್ತಿರಬೇಕು, ಸೂಕ್ತ ಸಮಯದಲ್ಲಿ ಮರುಪರಿಶೀಲಿಸಬೇಕು. ತಾತ್ಕಾಲಿಕ ಅಂತ ಹೇಳಿ ಕೈಕಟ್ಟಿ ಕೂರುವಂತಿಲ್ಲ.

ತಡೆದವರು ಯಾವಾಗಲೂ ಸೋಲುತ್ತಾರೆ ಅಂದುಕೊಳ್ಳಬೇಡಿ. ಫುಕುಶಿಮಾ ಅಣುಸ್ಥಾವರ ದುರಂತದ ನಂತರ ಜಪಾನಿನ 8 ಪ್ರಾಂತಗಳ ಮೀನನ್ನು ದಕ್ಷಿಣ ಕೊರಿಯಾ ನಿಷೇಧಿಸಿತು. ಮೊದಲ ಹಂತದಲ್ಲಿ ಜಪಾನ್ ಗೆದ್ದಿತ್ತು. 2019ರ ಮೇಲ್ಮನವಿಯಲ್ಲಿ ಮುಖ್ಯ ಅಂಶಗಳೆಲ್ಲ ಕೊರಿಯಾ ಪರ ತಿರುಗಿದವು: ಮೊದಲ ಹಂತದ ತೀರ್ಪುಗಾರರು ಆಹಾರದಲ್ಲಿ ಅಳೆದ ವಿಕಿರಣದ ಪ್ರಮಾಣವನ್ನೇ ಜಾಸ್ತಿ ನೆಚ್ಚಿಕೊಂಡು, ಕೊರಿಯಾ ಬಯಸಿದ ಸುರಕ್ಷತೆಯ ಮಟ್ಟವನ್ನು ಪೂರ್ತಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂಬುದು ಕಾರಣ.

ಸೋತರೂ ಗಡಿ ತಾನಾಗಿ ತೆರೆಯುವುದಿಲ್ಲ. ಹಾರ್ಮೋನ್ ಕೊಟ್ಟು ಬೆಳೆಸಿದ ದನದ ಮಾಂಸದ ವಿಷಯದಲ್ಲಿ ಯುರೋಪ್ 1998ರಲ್ಲಿ ಸೋತರೂ ನಿಷೇಧ ತೆಗೆಯಲಿಲ್ಲ. ಪ್ರತಿಯಾಗಿ ವರ್ಷಕ್ಕೆ 11.68 ಕೋಟಿ ಡಾಲರ್ ಮೌಲ್ಯದ ಯುರೋಪಿನ ಸರಕಿಗೆ ಸುಂಕದ ಏಟು ಕೊಡಲು, ದೂರು ಕೊಟ್ಟಿದ್ದ ಅಮೆರಿಕಕ್ಕೆ ಅನುಮತಿ ಸಿಕ್ಕಿತು. 1999ರಲ್ಲಿ ಫ್ರಾನ್ಸಿನ ರೋಕ್‌ಫೋರ್ ಚೀಸ್ ಮೇಲೆ ಶೇ. 100 ಸುಂಕ ಬಿತ್ತು, ಮಾಂಸಕ್ಕೂ ಆ ಚೀಸ್‌ಗೂ ಏನೇನೂ ಸಂಬಂಧವಿಲ್ಲದಿದ್ದರೂ. ಈಗಂತೂ 2019ರ ಡಿಸೆಂಬರ್‌ನಿಂದ ಮೇಲ್ಮನವಿ ಮಂಡಳಿ ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ. ಮೇಲ್ಮನವಿಯ ಬೇರೆ ವ್ಯವಸ್ಥೆಗೆ ಒಪ್ಪಿಕೊಂಡಿರದ ದೇಶ ಸೋತ ಮೇಲೆ ಮೇಲ್ಮನವಿ ಹಾಕಿದರೆ ಪ್ರಕರಣ ಅಲ್ಲಿಗೇ ನಿಂತುಬಿಡುತ್ತದೆ.