ಯಾರಿಗೆ ಯಾವ ಕೆಲಸ ಬರುವುದಿಲ್ಲ: ಅಳೆಯುವುದು ಹೇಗೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸಣ್ಣ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಮಷಿನ್) ವರ್ಕ್‌ಶಾಪ್. ರಿಜೆಕ್ಷನ್ (ಕೆಟ್ಟು ತಿರಸ್ಕಾರವಾಗುವ ಪೀಸ್‌ಗಳು) ಹೆಚ್ಚಾಗಿದೆ. ಎಲ್ಲರಿಗೂ ತರಬೇತಿ ಕೊಡಿಸುವಷ್ಟು ಹಣವಿಲ್ಲ. ಕೌಶಲದ ಕೊರತೆ ಎಲ್ಲಿದೆ ಎಂದು ಕಂಡುಹಿಡಿಯುವುದು ಹೇಗೆ?

ಉತ್ತರ: ಮೊದಲು ಕೆಲಸಗಳ ಪಟ್ಟಿ ಮಾಡಿ, ಜನರ ಪಟ್ಟಿ ಆಮೇಲೆ. ‘ಸಿಎನ್‌ಸಿ ಗೊತ್ತು’ ಎಂದು ಬರೆದುಕೊಂಡರೆ ಏನೂ ತಿಳಿಯುವುದಿಲ್ಲ. ಡ್ರಾಯಿಂಗ್ ಓದುವುದು, ಜಾಬ್ (ಕೆಲಸ ಮಾಡಬೇಕಾದ ಪೀಸ್) ಮಷಿನ್‌ನಲ್ಲಿ ಸೆಟ್ ಮಾಡುವುದು, ಟೂಲ್ ಸವೆದಾಗ ಆಫ್‌ಸೆಟ್ ಕೊಡುವುದು (ಸವೆದಷ್ಟನ್ನು ಮಷಿನ್‌ನಲ್ಲಿ ಸರಿಹೊಂದಿಸುವುದು), ಸೂಕ್ಷ್ಮ ಅಳತೆಯ ಸಾಧನವಾದ ಮೈಕ್ರೋಮೀಟರ್‌ನಲ್ಲಿ ಅಳೆಯುವುದು, ಹೀಗೆ ಬಿಡಿಬಿಡಿಯಾಗಿ ಬರೆಯಿರಿ.

ಒಂದು ದೊಡ್ಡ ಹಾಳೆಯಲ್ಲಿ ಎಡಕ್ಕೆ ಹೆಸರುಗಳು, ಮೇಲೆ ಕೆಲಸಗಳು. ಕಾರ್ಖಾನೆಗಳಲ್ಲಿ ಇದನ್ನು ಸ್ಕಿಲ್ ಮ್ಯಾಟ್ರಿಕ್ಸ್ ಅನ್ನುತ್ತಾರೆ. ಹೆಸರೂ ಕೆಲಸವೂ ಸೇರುವ ಪ್ರತಿ ಮನೆಯಲ್ಲೂ ಒಂದು ಚೌಕವನ್ನು ಗೆರೆಗೆರೆಯಾಗಿ ತುಂಬುತ್ತಾ ಹೋಗಿ. ಪಕ್ಕದಲ್ಲಿ ಯಾರಾದರೂ ನಿಂತರೆ ಮಾಡುತ್ತಾರೆ ಎಂದರೆ 1 ಗೆರೆ. ಒಬ್ಬರೇ ಮಾಡುತ್ತಾರೆ, ಆದರೆ ಸಮಯಕ್ಕೆ ಮುಗಿಯುವುದಿಲ್ಲ ಎಂದರೆ 2. ಸಮಯಕ್ಕೂ ಮುಗಿಸಿ ಸರಿಯಾಗಿಯೂ ಮಾಡಿದರೆ 3. ಬೇರೆಯವರಿಗೆ ಕಲಿಸಬಲ್ಲವರದು ಪೂರ್ತಿ ಚೌಕ.

ಈ ಗೆರೆಗಳನ್ನು ಬಾಯಿಮಾತಿನ ಮೇಲೆ ಹಾಕಬೇಡಿ, ಮಾಡಿಸಿ ನೋಡಿ. ನಂಬರ್ ಹಾಕಿದ 10 ಪೀಸ್‌ಗಳನ್ನು ಎಲ್ಲರಿಗೂ ಕೊಟ್ಟು ಅಳೆಸಿ, ಮರುದಿನ ಅವನ್ನೇ ಕಲಸಿ ಮತ್ತೆ ಕೊಡಿ. ಎರಡು ದಿನದ ರೀಡಿಂಗ್ ಹೊಂದದಿದ್ದರೆ ಕೈ ಗಮನಿಸಿ. ಮೈಕ್ರೋಮೀಟರ್‌ನ ರಾಚೆಟ್ (ಬಿಗಿತ ಮಿತಿ ಮೀರದಂತೆ ತಡೆಯುವ ತುದಿಯ ತಿರುಪು) ಬಿಟ್ಟು ತಿಂಬಲ್ (ತಿರುಗಿಸುವ ದೊಡ್ಡ ಹಿಡಿ) ಹಿಡಿದು ಬಿಗಿ ಮಾಡಿದರೆ ಅಳತೆ ಕಡಿಮೆ ತೋರಿಸುತ್ತದೆ. ಮಷಿನ್‌ನಿಂದ ಆಗತಾನೇ ತೆಗೆದ ಬಿಸಿ ಪೀಸ್ ಅಳೆದರೆ ಹೆಚ್ಚು ತೋರಿಸುತ್ತದೆ: 50 ಮಿ.ಮೀ. ವ್ಯಾಸದ ಉಕ್ಕು 20 ಡಿಗ್ರಿ ಬಿಸಿಯಾದರೆ ಸುಮಾರು 0.01 ಮಿ.ಮೀ. ಹಿಗ್ಗುತ್ತದೆ. ಅದನ್ನು ನಂಬಿ ಆಫ್‌ಸೆಟ್ ಬದಲಿಸಿದರೆ ಮುಂದಿನ ಪೀಸ್‌ಗಳ ಗತಿ ನೀವೇ ಊಹಿಸಿ. ಒಳ್ಳೆಯ ಆಪರೇಟರ್‌ಗಳೂ ಇಲ್ಲೇ ಎಡವುತ್ತಾರೆ. ಎಲ್ಲರ ರೀಡಿಂಗೂ ನಿಜವಾದ ಅಳತೆಯಿಂದ ಒಂದೇ ಕಡೆಗೆ ವಾಲಿದ್ದರೆ ಮಾತ್ರ ಜನರನ್ನು ಬಿಟ್ಟು ಮೈಕ್ರೋಮೀಟರ್ ಅನ್ನೇ ಕ್ಯಾಲಿಬ್ರೇಷನ್‌ಗೆ (ಸಾಧನ ಸರಿಯಾಗಿ ಅಳೆಯುತ್ತದೆಯೇ ಎಂಬ ಪರೀಕ್ಷೆಗೆ) ಕಳಿಸಿ.

ಈಗ ಹಾಳೆಯನ್ನು ಮೇಲಿಂದ ಕೆಳಕ್ಕೆ ಓದಿ. ರಾತ್ರಿ ಶಿಫ್ಟ್‌ನಲ್ಲಿ ಸೆಟ್ಟಿಂಗ್‌ಗೆ 3 ಗೆರೆಯವರು ಇಬ್ಬರು ಬೇಕು, ಇರುವುದು ಒಬ್ಬರೇ ಎಂದರೆ ಅಲ್ಲಿ ಒಬ್ಬರ ಕೊರತೆ. ರಿಜೆಕ್ಷನ್ ರಿಜಿಸ್ಟರ್ ಪಕ್ಕದಲ್ಲಿಟ್ಟುಕೊಂಡು, ಹೆಚ್ಚು ಪೀಸ್ ಹಾಳಾಗುತ್ತಿರುವ ಕೆಲಸದಿಂದಲೇ ಶುರು ಮಾಡಿ.

ದಯವಿಟ್ಟು ಈ ಹಾಳೆಯನ್ನು ಇನ್‌ಕ್ರಿಮೆಂಟ್‌ಗೆ ಗಂಟು ಹಾಕಬೇಡಿ. ಸಂಬಳಕ್ಕೆ ಕುತ್ತು ಎಂದು ಗೊತ್ತಾದ ಮೇಲೆ ‘ನನಗೆ ಬರಲ್ಲ ಸಾರ್’ ಅನ್ನುವ ಧೈರ್ಯ ಯಾರಿಗೂ ಇರುವುದಿಲ್ಲ.

ಅಳತೆ, ಆಫ್‌ಸೆಟ್‌ನಂಥವನ್ನು ನಿಮ್ಮಲ್ಲೇ ಪೂರ್ತಿ ಚೌಕ ಇರುವವರು ಮಷಿನ್ ಪಕ್ಕದಲ್ಲಿ ನಿಂತು ಕಲಿಸಲಿ. ಪ್ರೋಗ್ರಾಮಿಂಗ್ ನಿಮ್ಮಲ್ಲಿ ಯಾರಿಗೂ ಬಾರದಿದ್ದರೆ ರಾಜಾಜಿನಗರದ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ವಿಚಾರಿಸಿ. ಮೂರು ತಿಂಗಳಾದ ಮೇಲೆ ಅದೇ 10 ಪೀಸ್‌ಗಳನ್ನು ಮತ್ತೆ ಅಳೆಸಿ, ಹಾಳೆಯಲ್ಲಿ ಹೊಸ ಗೆರೆ ಎಳೆಯಿರಿ.