ಮಾಂಟ್ರಿಯಲ್ ಪ್ರೋಟೋಕಾಲ್ ಯಾಕೆ ಕೆಲಸ ಮಾಡಿತು? – ಅಧ್ಯಯನ ಟಿಪ್ಪಣಿ

ಒಂದು ದೇಶ ಕೊಟ್ಟ ಮಾತಿಗೆ ತಪ್ಪಿದರೆ ಹಿಡಿದು ಕೇಳುವ ಪೊಲೀಸರಿಲ್ಲ. ಜಾಗತಿಕ ಆಡಳಿತದ ಪಾಠದಲ್ಲಿ ಎಲ್ಲ ಕಷ್ಟವೂ ಇಲ್ಲಿಂದಲೇ ಶುರುವಾಗುತ್ತದೆ. ಸುಮ್ನೆ ಇಸವಿಗಳನ್ನು ಬಾಯಿಪಾಠ ಮಾಡುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ: ಪೊಲೀಸರಿಲ್ಲದಿದ್ದರೂ ಓಝೋನ್ ಪದರ ಉಳಿಸುವ ಮಾಂಟ್ರಿಯಲ್ ಒಪ್ಪಂದವನ್ನು ದೇಶಗಳು ಪಾಲಿಸಿದ್ದು ಯಾಕೆ?

ಹಿನ್ನೆಲೆ ಚಿಕ್ಕದು. ಫ್ರಿಜ್, ಎಸಿ, ಸ್ಪ್ರೇ ಡಬ್ಬಿಗಳಲ್ಲಿ ಸಿಎಫ್‌ಸಿ (ಕ್ಲೋರೋಫ್ಲೋರೋಕಾರ್ಬನ್) ಎಂಬ ರಾಸಾಯನಿಕ ಬಳಸುತ್ತಿದ್ದರು. ಅದು ಮೇಲಕ್ಕೆ ಹೋಗಿ, ಸೂರ್ಯನ ಹಾನಿಕರ ಕಿರಣ ತಡೆಯುವ ಓಝೋನ್ ಪದರವನ್ನು ಹಾಳು ಮಾಡುತ್ತದೆ ಎಂದು 1974ರಲ್ಲಿ ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ ಹೇಳಿದರು. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕಾದ ಮೇಲೆ ಓಝೋನ್ ತೀರಾ ತೆಳುವಾಗಿರುವುದನ್ನು ವರದಿ ಮಾಡಿದರು. 1987ರ ಸೆಪ್ಟೆಂಬರ್ 16ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಇಂಥ ರಾಸಾಯನಿಕಗಳನ್ನು ಕಡಿಮೆ ಮಾಡುವ ಒಪ್ಪಂದವಾಯಿತು.

ಇದರಲ್ಲಿ ಒಂದು ಬಿಗಿಯಾದ ನಿಯಮವಿತ್ತು. ಒಪ್ಪಂದಕ್ಕೆ ಸೇರದ ದೇಶಗಳ ಜೊತೆ ಸೇರಿದ ದೇಶಗಳು ಈ ರಾಸಾಯನಿಕಗಳ ವ್ಯಾಪಾರ ಮಾಡುವಂತಿಲ್ಲ. ಹೀಗಾಗಿ ಹೊರಗೆ ಉಳಿದವರಿಗೇ ನಷ್ಟ.

ಆದರೆ ನನ್ನ ಪ್ರಕಾರ ನಿಜವಾದ ಗಂಟು ಬಿಚ್ಚಿದ್ದು ಹಣ. ಭಾರತ, ಚೀನಾ ಮೊದಲಿಗೆ ಸೇರಲಿಲ್ಲ. ಅವರ ವಾದ ನ್ಯಾಯವಾಗಿಯೇ ಇತ್ತು: ದಶಕಗಳ ಕಾಲ ಸಿಎಫ್‌ಸಿಯನ್ನು ಗಾಳಿಗೆ ಬಿಟ್ಟವರು ಶ್ರೀಮಂತ ದೇಶಗಳು. ನಮ್ಮ ಜನ ಈಗಷ್ಟೇ ಮನೆಗೆ ಫ್ರಿಜ್ ತರುತ್ತಿದ್ದಾರೆ. ಖರ್ಚು ಮಾತ್ರ ನಾವು ಹೊರಬೇಕಾ? ಅಭಿವೃದ್ಧಿಶೀಲ ದೇಶಗಳಿಗೆ 10 ವರ್ಷ ಜಾಸ್ತಿ ಕಾಲಾವಕಾಶ ಮೊದಲೇ ಇತ್ತು. 1990ರ ಲಂಡನ್ ಸಭೆಯಲ್ಲಿ, ಶ್ರೀಮಂತ ದೇಶಗಳು ಹಣ ಹಾಕುವ ಬಹುಪಕ್ಷೀಯ ನಿಧಿಗೂ ಒಪ್ಪಿಗೆ ಸಿಕ್ಕಿತು. ಕಾರ್ಖಾನೆಗಳು ಹೊಸ ತಂತ್ರಜ್ಞಾನಕ್ಕೆ ಬದಲಾಗಲು ತಗಲುವ ಹೆಚ್ಚುವರಿ ಖರ್ಚನ್ನು ಈ ನಿಧಿ ಕೊಡುತ್ತದೆ. ಚೀನಾ 1991ರಲ್ಲಿ, ಭಾರತ 1992ರಲ್ಲಿ ಸೇರಿದವು. ಪರೀಕ್ಷೆಯಲ್ಲಿ 'ಸಾಮಾನ್ಯ ಆದರೆ ವಿಭಿನ್ನ ಹೊಣೆಗಾರಿಕೆ' (ಹೊಣೆ ಎಲ್ಲರದೂ, ಆದರೆ ಪಾಲು ಬೇರೆ ಬೇರೆ) ಬಗ್ಗೆ ಕೇಳಿದರೆ ಈ ಉದಾಹರಣೆಯನ್ನೇ ಬರೆಯಿರಿ. ತತ್ವ ಇಲ್ಲಿ ಬರೀ ಮಾತಾಗಿ ಉಳಿಯಲಿಲ್ಲ, ಅಲ್ವಾ?

ಇನ್ನೊಂದು ಸಂಗತಿ: ಒಪ್ಪಂದ ಬೆಳೆಯುತ್ತಾ ಹೋಯಿತು. ಸಿಎಫ್‌ಸಿ ಜಾಗಕ್ಕೆ ಬಂದ ಎಚ್‌ಎಫ್‌ಸಿ ಎಂಬ ರಾಸಾಯನಿಕ ಓಝೋನ್‌ಗೆ ಹಾನಿ ಮಾಡದಿದ್ದರೂ ಭೂಮಿಯನ್ನು ಬಿಸಿ ಮಾಡುತ್ತದೆ. ಅದನ್ನೂ ಕಡಿಮೆ ಮಾಡಲು 2016ರಲ್ಲಿ ಕಿಗಾಲಿ ತಿದ್ದುಪಡಿ ಬಂತು.

ಹಾಗಾದರೆ ಹವಾಮಾನದ ವಿಷಯದಲ್ಲಿ ಇದೇ ದಾರಿ ಯಾಕೆ ಹಿಡಿಯಲಿಲ್ಲ? ಭೂಮಿಯನ್ನು ಬಿಸಿ ಮಾಡುವ ಅನಿಲಗಳನ್ನು ತಗ್ಗಿಸುವ 1997ರ ಕ್ಯೋಟೋ ಒಪ್ಪಂದಕ್ಕೆ ಸಹಿ ಹಾಕಿದ ಅಮೆರಿಕ ಅದನ್ನು ಅನುಮೋದಿಸಲಿಲ್ಲ. ಕೆನಡಾ ಹೊರಬರುವುದಾಗಿ 2011ರಲ್ಲಿ ಹೇಳಿತು. 2015ರ ಪ್ಯಾರಿಸ್ ಒಪ್ಪಂದದಲ್ಲಿ ಪ್ರತಿ ದೇಶವೂ ತನ್ನ ಗುರಿಯನ್ನು ತಾನೇ ಬರೆದುಕೊಳ್ಳುತ್ತದೆ. ಸಿಎಫ್‌ಸಿ ತಯಾರಿಸುತ್ತಿದ್ದ ಕಂಪನಿಗಳು ಕೆಲವೇ, ಬದಲಿ ರಾಸಾಯನಿಕಗಳೂ ಸಿಕ್ಕವು. ಕಲ್ಲಿದ್ದಲು, ತೈಲ ಹಾಗಲ್ಲ. ಕರೆಂಟು, ಬಸ್ಸು, ಗೊಬ್ಬರ, ಸಿಮೆಂಟು ಎಲ್ಲದರಲ್ಲೂ ಅವು ಸೇರಿಕೊಂಡಿವೆ.

ಮಾಂಟ್ರಿಯಲ್‌ನಲ್ಲೂ ಮೋಸ ನಡೆದಿದೆ. ಸಿಎಫ್‌ಸಿಯ ಒಂದು ಬಗೆಯಾದ ಸಿಎಫ್‌ಸಿ-11 ಅನ್ನು ಯಾರೋ ಮತ್ತೆ ಗಾಳಿಗೆ ಬಿಡುತ್ತಿದ್ದಾರೆ ಎಂದು 2018ರಲ್ಲಿ ವಿಜ್ಞಾನಿಗಳು ತೋರಿಸಿದರು. ಮರುವರ್ಷ ದಕ್ಷಿಣ ಕೊರಿಯಾ ಮತ್ತು ಜಪಾನಿನ ಅಳತೆ ಕೇಂದ್ರಗಳ ಲೆಕ್ಕದಿಂದ ಅದರ ದೊಡ್ಡ ಪಾಲು ಪೂರ್ವ ಚೀನಾದಿಂದ ಬರುತ್ತಿದೆ ಎಂದು ಗೊತ್ತಾಯಿತು. ಆಮೇಲೆ ಅಲ್ಲಿಂದ ಬರುವ ಪ್ರಮಾಣ ಮತ್ತೆ ಇಳಿಯಿತು.